ಹೇಳಿದಂತೆ ಕೇಳುವವರ ಸುರಕ್ಷತೆ

ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಯುವಕ ಯುವತಿಯರನ್ನು ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಕೆಲಸಕ್ಕೆ ಸೇರಿಸುವಾಗ ಅವರ ಪರವಾಗಿ ಮೊದಲು ಕೇಳಿಬರುವ ಶಿಫಾರಸು ‘ಹೇಳಿದಂತೆ ಕೇಳುತ್ತಾರೆ’ ಎಂಬುದು. ತಂದೆ ತಾಯಿ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ವಿಶೇಷ ಶಾಲೆಯ ಶಿಕ್ಷಕರು ವರದಿಯಲ್ಲಿ ಬರೆಯುತ್ತಾರೆ, ಮಾಲೀಕರು ಸಮಾಧಾನದಿಂದ ತಲೆಯಾಡಿಸುತ್ತಾರೆ. ಉದ್ಯೋಗ ಪುನರ್ವಸತಿಯ ಕೆಲಸ ಮಾಡುವ ನನಗೆ ಮಾತ್ರ ಈ ಶಿಫಾರಸು ಕಿವಿಗೆ ಬಿದ್ದೊಡನೆ ಆತಂಕವಾಗುತ್ತದೆ, ಏಕೆಂದರೆ ಕೆಲಸದ ಜಾಗದಲ್ಲಿ ಇವರಿಗೆ ಒದಗುವ ಅಪಾಯದಲ್ಲಿ ಯಂತ್ರದಷ್ಟೇ ಪಾಲು ಈ ವಿಧೇಯತೆಗೂ ಇದೆ.

ಉಳಿದ ಕಾರ್ಮಿಕರು ತಮ್ಮನ್ನು ತಾವು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ನೆಲ ಒದ್ದೆಯಾಗಿರುವಾಗ ಭಾರದ ಪೆಟ್ಟಿಗೆ ಎತ್ತೆಂದು ಹೇಳಿದರೆ ಅನುಭವಿ ಕಾರ್ಮಿಕ ‘ಆಮೇಲೆ ಮಾಡ್ತೀನಿ ಸಾರ್’ ಎನ್ನುತ್ತಾನೆ, ಕೇಳಿಸದವನಂತೆ ಅತ್ತ ತಿರುಗುತ್ತಾನೆ, ಇಲ್ಲವೇ ಜೊತೆಗೊಬ್ಬನನ್ನು ಕರೆದುಕೊಳ್ಳುತ್ತಾನೆ. ಯಾವ ನಿಯಮಾವಳಿಯಲ್ಲೂ ಇಲ್ಲದ ಇಂತಹ ಸಣ್ಣಪುಟ್ಟ ಅವಿಧೇಯತೆಗಳೇ ದಿನನಿತ್ಯ ಎಷ್ಟೋ ಅವಘಡಗಳನ್ನು ತಪ್ಪಿಸುತ್ತವೆ. ಬಾಲ್ಯದಿಂದಲೂ ‘ಜಾಣ, ಹೇಳಿದ್ದು ಮಾಡಿದ’ ಎಂದು ಚಪ್ಪಾಳೆ ಗಿಟ್ಟಿಸಿಕೊಂಡೇ ಬೆಳೆದವನಿಗೆ ಈ ವಿದ್ಯೆಯನ್ನು ಯಾರೂ ಕಲಿಸಿರುವುದಿಲ್ಲ. ಮೇಲ್ವಿಚಾರಕ ಹೇಳಿದರೂ, ಪಕ್ಕದ ಮೇಜಿನವನು ತಮಾಷೆಗೆ ಹೇಳಿದರೂ ಅವನು ಮಾಡಿಬಿಡುತ್ತಾನೆ.

ಕಾನೂನಿನ ಮಾತನ್ನು ಮೊದಲೇ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದ್ದು, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರ ಮೀಸಲಾತಿಯನ್ನು ನಿಗದಿಪಡಿಸಿದೆ. ಅದರಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ಅಂಗವಿಕಲತೆ ಇರುವವರೆಲ್ಲ ಹಂಚಿಕೊಳ್ಳಬೇಕು. ಹೀಗಾಗಿ ನಮ್ಮ ಮಕ್ಕಳ ಉದ್ಯೋಗ ಬಹುಪಾಲು ಖಾಸಗಿ ಘಟಕಗಳಲ್ಲೇ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಸೂಕ್ತ ಹೊಂದಾಣಿಕೆ, ಅಂದರೆ ಅಂಗವಿಕಲರಿಗೆ ಅನುಕೂಲವಾಗುವಂತೆ ಕೆಲಸದ ಜಾಗವನ್ನೋ ಕ್ರಮವನ್ನೋ ಬದಲಿಸುವುದು ಎಂದೊಡನೆ ನಮ್ಮ ಮಾಲೀಕರಿಗೆ ಇಳಿಜಾರು ಹಾದಿ ಮತ್ತು ಶೌಚಾಲಯದ ಹಿಡಿಕೆಗಳು ನೆನಪಾಗುತ್ತವೆ, ಅವು ಬೇಕಾದವೇ. ಆದರೆ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಬೇಕಾದ ಹೊಂದಾಣಿಕೆ ಕಟ್ಟಡಕ್ಕಿಂತ ಹೆಚ್ಚಾಗಿ ಕೆಲಸವನ್ನು ಹೇಳಿಕೊಡುವ ಕ್ರಮದಲ್ಲಿ ಆಗಬೇಕು.

ಹೇಳಿಕೊಡುವ ಕ್ರಮದ ಬಗ್ಗೆ ನಮ್ಮ ಕ್ಷೇತ್ರಕ್ಕೆ ದೊಡ್ಡ ತಿಳಿವಳಿಕೆ ಬಂದದ್ದು 1970 ಮತ್ತು 80ರ ದಶಕಗಳಲ್ಲಿ. ಅಮೆರಿಕದ ಮಾರ್ಕ್ ಗೋಲ್ಡ್ ಅವರು ತೀವ್ರ ಬೌದ್ಧಿಕ ಅಸಾಮರ್ಥ್ಯ ಇರುವವರೂ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಸರಿಯಾಗಿ ಜೋಡಿಸಬಲ್ಲರೆಂದು ತೋರಿಸಿಕೊಟ್ಟರು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಮಾತು ಕಡಿಮೆ ಮಾಡಿ, ಕೈಹಿಡಿದು ತೋರಿಸುವುದು ಅವರ ಮಾರ್ಗ. ಆಮೇಲೆ ಬೆಳೆದ ಬೆಂಬಲಿತ ಉದ್ಯೋಗದ ಪದ್ಧತಿಯು ಹಳೆಯ ಕ್ರಮವನ್ನು ತಿರುಗಿಸಿತು: ವರ್ಷಗಟ್ಟಲೆ ತರಬೇತಿ ಕೊಟ್ಟು ಕೆಲಸಕ್ಕೆ ಕಳುಹಿಸುವ ಬದಲು ಮೊದಲು ಕೆಲಸಕ್ಕೆ ಸೇರಿಸಿ, ಅದೇ ಜಾಗದಲ್ಲಿ, ಅದೇ ಯಂತ್ರದ ಮುಂದೆ ಉದ್ಯೋಗ ತರಬೇತುದಾರರು ಕಲಿಸುವುದು. ಸುರಕ್ಷತೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಒಂದು ಜಾಗದಲ್ಲಿ ಕಲಿತದ್ದನ್ನು ಮತ್ತೊಂದು ಜಾಗಕ್ಕೆ ಒಯ್ಯುವುದೇ ಇವರಿಗೆ ಕಷ್ಟವಾದ್ದರಿಂದ, ಶಾಲೆಯ ಅಂಗಳದಲ್ಲಿ ಬೆಂಕಿಯ ಅಣಕು ಕಾರ್ಯಾಚರಣೆಯನ್ನು ಚಾಚೂ ತಪ್ಪದೆ ಮಾಡಿದ ಹುಡುಗ ಕಾರ್ಖಾನೆಯಲ್ಲಿ ಗಂಟೆ ಬಾರಿಸಿದಾಗ ಕುಳಿತಲ್ಲೇ ಕುಳಿತಿರಬಹುದು. ‘ಹುಷಾರಾಗಿ ಕೆಲಸ ಮಾಡು’ ಎಂಬುದಂತೂ ಇವರಿಗೆ ಸೂಚನೆಯೇ ಅಲ್ಲ. ಯಾವ ಕೈ ಎಲ್ಲಿರಬೇಕು, ಯಾವ ಬಣ್ಣದ ಗೆರೆಯನ್ನು ದಾಟಬಾರದು, ದಾಟಿದರೆ ಯಾರನ್ನು ಕೂಗಬೇಕು ಎಂಬಷ್ಟು ವಿವರ ಅದಕ್ಕೆ ಬೇಕು.

ಊದುಬತ್ತಿ ಪ್ಯಾಕಿಂಗ್ ಘಟಕವೊಂದರಲ್ಲಿ ಡೌನ್ ಸಿಂಡ್ರೋಮ್ ಇರುವ ಯುವತಿಯೊಬ್ಬಳಿಗೆ ಕಾಲಿನಿಂದ ಒತ್ತುವ ಸೀಲಿಂಗ್ ಯಂತ್ರದ ಕೆಲಸ ಸಿಕ್ಕಿತು. ಪೊಟ್ಟಣದ ಬಾಯಿಯನ್ನು ಕಾದ ಪಟ್ಟಿಯ ಕೆಳಗೆ ಹಿಡಿದು ಪೆಡಲ್ ಒತ್ತಬೇಕು. ನಾವು ಮೊದಲು ಕಲಿಸಿದ್ದು ಸೀಲ್ ಮಾಡುವುದನ್ನಲ್ಲ, ಯಂತ್ರವನ್ನು ನಿಲ್ಲಿಸುವುದನ್ನು. ಮೇಜಿನ ಮೇಲೆ ಹಳದಿ ಟೇಪಿನಿಂದ ಎರಡು ಚೌಕಗಳನ್ನು ಮಾಡಿ, ಕಾಲು ಪೆಡಲಿನ ಮೇಲೆ ಇರುವಾಗ ಬೆರಳುಗಳು ಆ ಚೌಕಗಳನ್ನು ಬಿಟ್ಟು ಮುಂದೆ ಹೋಗಕೂಡದೆಂದು ಅಭ್ಯಾಸ ಮಾಡಿಸಿದೆವು. ಅದನ್ನು ಆಕೆ ಬೇಗನೆ ಕಲಿತಳು. ತಡವಾದದ್ದು ಮುಂದಿನ ಪಾಠ, ಯಂತ್ರ ಸರಿಯಿಲ್ಲದಾಗ ಒಲ್ಲೆ ಎನ್ನುವುದು. ಮೇಲ್ವಿಚಾರಕರೊಡನೆ ಮೊದಲೇ ಮಾತಾಡಿಕೊಂಡು, ಯಂತ್ರದ ಪ್ಲಗ್ ತೆಗೆದು, ಬೆರಳು ಒಳಗೆ ಹೋಗದಂತೆ ತಡೆಯುವ ಕಾವಲು ತಗಡನ್ನೂ ಬಿಚ್ಚಿಟ್ಟು ‘ಶುರು ಮಾಡಮ್ಮ’ ಎಂದು ಹೇಳಿಸುತ್ತಿದ್ದೆವು. ಆಕೆ ಪ್ರತಿ ಸಲವೂ ಕೂತು ಪೆಡಲ್ ಒತ್ತುತ್ತಿದ್ದಳು. ದೊಡ್ಡವರಿಗೆ ‘ಆಗಲ್ಲ ಸಾರ್’ ಎಂದರೆ ಬೈಗುಳ ಸಿಗುವುದಿಲ್ಲ, ಬದಲಿಗೆ ಶಹಭಾಸ್ ಸಿಗುತ್ತದೆ ಎಂಬುದು ಆಕೆಗೆ ನಂಬಿಕೆಯಾಗುವವರೆಗೂ ಇದನ್ನೇ ನಡೆಸಬೇಕಾಯಿತು. ಮಾತು ಬಾರದವರಿಗೆ ಏಪ್ರನ್ ಜೇಬಿನಲ್ಲಿ ಕೆಂಪು ಕಾರ್ಡ್ ಇಡುತ್ತೇವೆ. ಅದನ್ನು ಎತ್ತಿ ಹಿಡಿದರೆ ಸಾಲಿನಲ್ಲಿರುವ ಎಲ್ಲರೂ ಅದಕ್ಕೆ ಬೆಲೆ ಕೊಡಬೇಕು.

ಕೆಲ ತಿಂಗಳ ನಂತರ ಅದೇ ಮೇಲ್ವಿಚಾರಕರು ನನಗೆ ಫೋನ್ ಮಾಡಿ, ‘ಮೇಡಂ, ಈಗೀಗ ಎದುರು ಮಾತಾಡ್ತಾಳೆ, ಅರ್ಜೆಂಟ್ ಆರ್ಡರ್ ಇರೋವಾಗ ಕೆಲಸಕ್ಕೆ ಕೂರಲ್ಲ ಅಂತಾಳೆ’ ಎಂದು ದೂರಿದರು. ಹೋಗಿ ನೋಡಿದರೆ ಯಂತ್ರದ ಹಿಂಭಾಗದಲ್ಲಿ ವೈರಿನ ಹೊದಿಕೆ ಬಿಸಿಗೆ ಮೆತ್ತಗಾಗಿ ಒಂದು ಕಡೆ ತಂತಿ ಕಾಣುತ್ತಿತ್ತು. ಆಕೆಗೆ ವೈರಿನ ವಿಷಯ ವಿವರಿಸಲು ಬರುತ್ತಿರಲಿಲ್ಲ. ‘ವಾಸನೆ’ ಎಂದಷ್ಟೇ ಹೇಳಿದ್ದಳು. ಎಲೆಕ್ಟ್ರಿಷಿಯನ್ ಬಂದು ಸರಿಪಡಿಸಿದ ಮೇಲೂ ಆ ಮೇಲ್ವಿಚಾರಕರ ಅಸಮಾಧಾನ ಪೂರ್ತಿ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಈಗ ನಾವು ಉದ್ಯೋಗಿಗೆ ಕಲಿಸುವ ಮೊದಲೇ ಮೇಲ್ವಿಚಾರಕರನ್ನು ಕೂರಿಸಿಕೊಂಡು, ‘ನಿಮ್ಮ ಮಾತಿಗೆ ಇವರು ಒಲ್ಲೆ ಎನ್ನುವ ದಿನ ಬರುತ್ತದೆ, ಆ ದಿನ ಯಂತ್ರವನ್ನು ನೋಡಿ’ ಎಂದು ತಿಳಿಸುತ್ತೇವೆ.

ಕೆಲಸ ನಿಗದಿ ಮಾಡುವ ಮೊದಲು ವೈದ್ಯಕೀಯ ವಿವರಗಳನ್ನೂ ಕೇಳಲೇಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ ಶೇ 10ರಿಂದ 20ರಷ್ಟು ಜನರಿಗೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುವುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ತೊಂದರೆ ಅನುಭವಕ್ಕೆ ಬರುವುದು ಅವರಲ್ಲಿ ಕೆಲವರಿಗಷ್ಟೇ ಆದರೂ, ತಲೆಹೊರೆಯ ಕೆಲಸ ಅವರಿಗೆ ಸಲ್ಲದು. ಕಬ್ಬಿನ ಹೊರೆಯಿರಲಿ, ಸಿಮೆಂಟಿನ ಬಾಂಡಲಿಯಿರಲಿ, ನಮ್ಮ ಕಡೆ ಕೂಲಿ ಕೆಲಸವೆಂದರೆ ತಲೆಯ ಮೇಲೆ ಹೊರುವುದೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಇವರಲ್ಲಿ ಶ್ರವಣದೋಷವೂ ಸಾಮಾನ್ಯ. ‘ಕೂಗಿದರೆ ತಿರುಗಿ ನೋಡಲ್ಲ, ಮೊಂಡು’ ಎನ್ನಿಸಿಕೊಂಡವರನ್ನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಂಡು ಬರುವುದು ಮೊಂಡುತನದ ಚರ್ಚೆಗಿಂತ ಉಪಯುಕ್ತ. ಬೌದ್ಧಿಕ ಅಸಾಮರ್ಥ್ಯ ಇರುವವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಮೂರ್ಛೆ ರೋಗವಿರುತ್ತದೆ, ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಅಂಥವರಿಗೆ ರಾತ್ರಿ ಪಾಳಿ ಬೇಡ.

ನೋವನ್ನು ಹೇಳಿಕೊಳ್ಳುವುದೂ ಇವರಲ್ಲಿ ಅನೇಕರಿಗೆ ಕಷ್ಟ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇಂತಹ ಉದ್ಯೋಗಿಗಳಿಗಾಗಿಯೇ ಸುರಕ್ಷತೆಯ ಪಠ್ಯಕ್ರಮವನ್ನು ರೂಪಿಸಿವೆ. ದೇಹದ ಚಿತ್ರದ ಮೇಲೆ ನೋವಿನ ಜಾಗ ಗುರುತಿಸುವುದು ಕಾರ್ಮಿಕರ ಸುರಕ್ಷತಾ ತರಬೇತಿಯಲ್ಲಿ ಬಳಕೆಯಲ್ಲಿರುವ ವಿಧಾನ. ಶನಿವಾರ ಸಂಜೆ ಆಳೆತ್ತರದ ಚಿತ್ರವೊಂದನ್ನು ಗೋಡೆಗೆ ಅಂಟಿಸಿ, ನೋವಿರುವ ಜಾಗಕ್ಕೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು ಅಂಟಿಸಲು ಹೇಳುವುದು ನಮ್ಮ ಪದ್ಧತಿ. ಒಂದೇ ಮೇಜಿನವರ ಬೊಟ್ಟುಗಳೆಲ್ಲ ಬಲ ಮಣಿಕಟ್ಟಿನ ಮೇಲೆ ಬಿದ್ದರೆ ಮೇಜಿನ ಎತ್ತರ ಬದಲಾಗಬೇಕೆಂದು ಅರ್ಥ.

ಇಷ್ಟೆಲ್ಲ ಕಲಿಸಿದರೂ ಕೆಲವು ಜಾಗಗಳಲ್ಲಿ ಕಲಿಕೆ ಸಾಲುವುದಿಲ್ಲ. ಮಂಡ್ಯದ ಕಡೆಯ ರೈತರೊಬ್ಬರು ತಮ್ಮ ಮಗನನ್ನು ಅಣ್ಣನ ಆಲೆಮನೆಗೆ ಕಳುಹಿಸುವ ವಿಚಾರವಾಗಿ ಬಂದಿದ್ದರು. ‘ನಮ್ಮುಡುಗ ಒಂದ್ ಮಾತು ಎದುರಾಡಲ್ಲ ಮೇಡಂ, ನಮ್ಮಣ್ಣನ ಕಣ್ಮುಂದೇನೇ ಇರ್ತಾನೆ’ ಎಂಬುದು ಅವರ ವಾದ. ಹುಡುಗನಿಗೆ ಫಿಟ್ಸ್ ಬರುತ್ತಿತ್ತು. ಆಲೆಮನೆಯಲ್ಲಿ ಒಂದು ಕಡೆ ಕೈಯಿಂದಲೇ ಕಬ್ಬು ಕೊಡುವ ಗಾಣ, ಇನ್ನೊಂದು ಕಡೆ ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಪಾಕ ಕುದಿಯುವ ಕೊಪ್ಪರಿಗೆ, ಕಾಲಡಿಯಲ್ಲಿ ಕಬ್ಬಿನ ಹಾಲಿನ ಜಾರು, ಮೈಗೆ ಒಲೆಯ ಝಳ. ಕೊಪ್ಪರಿಗೆಯ ಪಕ್ಕದಲ್ಲಿ ಫಿಟ್ಸ್ ಬಂದರೆ ದೊಡ್ಡಪ್ಪನ ಕಣ್ಣುಗಳು ಏನನ್ನೂ ತಡೆಯಲಾರವು. ಅಪಾಯವನ್ನು ನಿವಾರಿಸುವುದು ಮೊದಲು, ಕೆಲಸದ ಕ್ರಮ ಬದಲಿಸುವುದು ಆಮೇಲೆ, ಕೈಗವಸು ಬೂಟುಗಳು ಕಡೆಗೆ ಎಂಬುದು ಸುರಕ್ಷತಾ ಶಾಸ್ತ್ರದ ಸರ್ವಮಾನ್ಯ ಅನುಕ್ರಮ. ಇಲ್ಲಿ ಗಾಣವನ್ನೂ ಕೊಪ್ಪರಿಗೆಯನ್ನೂ ತೆಗೆಯಲಾಗದು, ಹುಡುಗನನ್ನು ಅವುಗಳಿಂದ ಬೇರ್ಪಡಿಸಬಹುದು. ಕೊನೆಗೆ ಆಲೆಮನೆಯ ಆಚೆ ಪ್ರತ್ಯೇಕ ಕೊಠಡಿಯಲ್ಲಿ ಆರಿದ ಅಚ್ಚುಬೆಲ್ಲವನ್ನು ಎಣಿಸಿ ಪೆಟ್ಟಿಗೆಗೆ ತುಂಬುವ ಕೆಲಸ ಗೊತ್ತಾಯಿತು. ಗಾಣದ ಕಡೆಗೆ ಅವನನ್ನು ಯಾರೂ ಯಾವ ಕಾರಣಕ್ಕೂ ಕರೆಯಕೂಡದೆಂಬ ಕಟ್ಟುಪಾಡನ್ನು ಅಲ್ಲಿಯ ಆಳುಗಳೆಲ್ಲರಿಗೂ ಹಾಕಲಾಯಿತು. ಆಳು ಕಡಿಮೆ ಇರುವ ದಿನವೇ ‘ಒಂದ್ನಿಮಿಷ ಬಾರೋ’ ಎಂಬ ಕರೆ ಬರುವುದು, ಅವನು ಎದ್ದು ಹೋಗುವುದು.

ವಿಧೇಯತೆಯ ಅಪಾಯ ಯಂತ್ರಗಳಿಗೆ ಸೀಮಿತವಲ್ಲ. ಸಂಬಳದ ದಿನ ಕೈಸಾಲ ಕೇಳುವ ಸಹೋದ್ಯೋಗಿ, ಮೈಮುಟ್ಟಿ ‘ಯಾರಿಗೂ ಹೇಳಬೇಡ’ ಎನ್ನುವ ಮೇಲಧಿಕಾರಿ ಇಬ್ಬರೂ ಇದೇ ಗುಣವನ್ನು ನಂಬಿಕೊಂಡಿರುತ್ತಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, ಬೌದ್ಧಿಕ ಕಾರಣಗಳಿಂದ ದೂರು ಕೊಡಲಾಗದ ಮಹಿಳೆಯ ಪರವಾಗಿ ಸಂಬಂಧಿಕರು, ಸ್ನೇಹಿತರು ಅಥವಾ ವಿಶೇಷ ಶಿಕ್ಷಕರೂ ದೂರು ನೀಡಬಹುದು. ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಪೋಷಕರಲ್ಲಿ ಅನೇಕರಿಗೆ ಈ ಅವಕಾಶ ಗೊತ್ತೇ ಇಲ್ಲ.

ಹಾಜರಿ ಪುಸ್ತಕದ ವಿಷಯವನ್ನೂ ಪೋಷಕರು ಸಂಕೋಚವಿಲ್ಲದೆ ಕೇಳಬೇಕು. ‘ತರಬೇತಿಯಲ್ಲಿದ್ದಾನೆ’ ಎಂಬ ನೆಪದಲ್ಲಿ ವರ್ಷಗಟ್ಟಲೆ ಹೆಸರು ದಾಖಲಿಸದೆ ದುಡಿಸಿಕೊಳ್ಳುವ ಘಟಕಗಳಿವೆ, ಕೆಲಸ ಕೊಟ್ಟಿದ್ದೇ ದೊಡ್ಡದೆಂದು ಮನೆಯವರೂ ಸುಮ್ಮನಿರುತ್ತಾರೆ. ಕಾರ್ಮಿಕರ ರಾಜ್ಯ ವಿಮೆಗೆ (ಇಎಸ್‌ಐ) ಉಳಿದವರಿಗೆ ಮಾಸಿಕ ವೇತನದ ಮಿತಿ 21,000 ರೂಪಾಯಿಯಾದರೆ ಅಂಗವಿಕಲ ನೌಕರರಿಗೆ ಅದು 25,000 ರೂಪಾಯಿ. ಇಎಸ್‌ಐ ಸಂಖ್ಯೆ ಇಲ್ಲದೆ ಬೆರಳು ಕಳೆದುಕೊಂಡರೆ ಚಿಕಿತ್ಸೆಯ ಖರ್ಚು ಮನೆಯವರ ತಲೆಗೇ ಬರುತ್ತದೆ. ಇದರ ಜೊತೆಗೆ, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ನೌಕರ ಬೇಕೆಂದೇ ಮೀರಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆಯ ಪ್ರಕರಣಗಳನ್ನು ಬಿಟ್ಟು, ಪರಿಹಾರದ ಹೊಣೆಯಿಂದ ಮಾಲೀಕನಿಗೆ ವಿನಾಯಿತಿ ಸಿಗಬಹುದು. ‘ಹೇಳಿದ್ದೆವು, ಕೇಳಲಿಲ್ಲ’ ಎಂಬ ವಾದ ಅಲ್ಲಿಂದಲೇ ಹುಟ್ಟುವುದು. ಅರ್ಥವಾಗದ ಆದೇಶವನ್ನು ಯಾರೂ ಬೇಕೆಂದೇ ಮೀರಲಾರರು. ಅದಕ್ಕಾಗಿ ಯಾವ ದಿನ, ಯಾವ ಯಂತ್ರದ ಮುಂದೆ, ಏನನ್ನು ಹೇಗೆ ತೋರಿಸಲಾಯಿತು, ಉದ್ಯೋಗಿ ಅದನ್ನು ತಾನೇ ಮಾಡಿ ತೋರಿಸಿದನೇ ಎಂಬುದನ್ನು ನಾವು ಚಿತ್ರಸಹಿತ ಬರೆದಿಟ್ಟು ಉದ್ಯೋಗಿ, ಮಾಲೀಕ ಇಬ್ಬರ ಸಹಿಯನ್ನೂ ಪಡೆಯುತ್ತೇವೆ.

ತರಬೇತುದಾರರು ಯಾವಾಗ ಹಿಂದೆ ಸರಿಯಬೇಕೆಂದು ಮಾಲೀಕರು ಕೇಳುತ್ತಿರುತ್ತಾರೆ. ಕೆಲಸದ ವೇಗ ಬಂದಾಗ ಎಂಬುದು ರೂಢಿಯ ಉತ್ತರ. ತರಬೇತುದಾರರು ಎದುರಿಗಿಲ್ಲದಿರುವಾಗ ಉದ್ಯೋಗಿ ಒಮ್ಮೆಯಾದರೂ ತಾನಾಗಿ ಯಂತ್ರ ನಿಲ್ಲಿಸಿದ್ದಾನೆಯೇ, ಅಥವಾ ಸಹಾಯಕ್ಕೆ ಯಾರನ್ನಾದರೂ ಕರೆದಿದ್ದಾನೆಯೇ ಎಂಬುದನ್ನು ನಾನು ನೋಡುತ್ತೇನೆ. ಅದಾದ ಮೇಲೂ ಯಂತ್ರ ಬದಲಾದರೆ, ಮೇಜು ಸ್ಥಳಾಂತರವಾದರೆ, ವಿಶೇಷವಾಗಿ ಮೇಲ್ವಿಚಾರಕರು ಬದಲಾದರೆ, ಆ ವಾರವೇ ಮತ್ತೆ ಹೋಗಿ ಕಾವಲು ತಗಡು ಬಿಚ್ಚಿಟ್ಟು, ಹೊಸಬರ ಬಾಯಲ್ಲಿ ‘ಶುರು ಮಾಡಮ್ಮ’ ಎಂದು ಹೇಳಿಸಿ ನೋಡಬೇಕಾಗುತ್ತದೆ.