ಕಾಲುಚೀಲದಿಂದ ಕುರ್ಚಿಗೆ: ಮೈಗೆ ಒಗ್ಗುವ ಹೆಣಿಗೆ ಬಟ್ಟೆಯ ಹಿನ್ನೆಲೆ

ಓಟದ ಶೂವಿನ ಮೇಲ್ಭಾಗ, ಆಫೀಸು ಕುರ್ಚಿಯ ಬೆನ್ನು, ಸೋಫಾದ ಹೊದಿಕೆ: ಈ ಮೂರಕ್ಕೂ ಈಗ ಹೆಣಿಗೆ ಬಟ್ಟೆ ಬರುತ್ತಿದೆ. ಬಹುಕಾಲ ಕಾಲುಚೀಲ, ಬನಿಯನ್ನು, ಸ್ವೆಟರುಗಳ ಪಾಲಿಗಷ್ಟೇ ಬಿಟ್ಟಿದ್ದ ಬಟ್ಟೆ ಪೀಠೋಪಕರಣದವರೆಗೆ ನಡೆದು ಬಂದದ್ದು ಹೇಗೆ, ಆ ದಾರಿಯಲ್ಲಿ ಯಾರ ಮೈಗೆ ಸುಖವಾಯಿತು, ಯಾರ ಮೈ ಸವೆಯಿತು ಎಂಬುದು ಕೇಳಬೇಕಾದ ಕಥೆ.

ಮೊದಲು ಬಟ್ಟೆಯ ಗುಣ ತಿಳಿಯಬೇಕು. ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎರಡೂ ಹೆಚ್ಚುಕಡಿಮೆ ನೇರವಾಗಿ ಮಲಗಿರುತ್ತವೆ. ಎಳೆದರೆ ನೂಲೇ ಹಿಗ್ಗಬೇಕು; ಹತ್ತಿ ನೂಲಿಗೆ ಅಷ್ಟು ಹಿಗ್ಗುವ ಶಕ್ತಿ ಇಲ್ಲ. ಹೆಣಿಗೆಯಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಆಕಾರ ಬದಲಿಸುವುದು ಕುಣಿಕೆ, ನೂಲಲ್ಲ. ಕುಣಿಕೆಗಳ ನಡುವೆ ಗಾಳಿಯೂ ನಿಲ್ಲುತ್ತದೆ; ಉಣ್ಣೆಯ ಸ್ವೆಟರು ಬೆಚ್ಚಗಿರುವುದರಲ್ಲಿ ಆ ಗಾಳಿಯ ಪಾಲು ದೊಡ್ಡದು. ಮೊಣಕಾಲು ಮಡಚಿದಾಗ, ಬಾಗಿ ಏನನ್ನಾದರೂ ಎತ್ತಿದಾಗ ನಮ್ಮ ಚರ್ಮ ಸಾಕಷ್ಟು ಉದ್ದವಾಗುತ್ತದೆ. ಮೇಲಿನ ಬಟ್ಟೆ ಅದಕ್ಕೆ ಜೊತೆಗೊಡದಿದ್ದರೆ ಎಲ್ಲೋ ಒಂದು ಕಡೆ ಬಿಗಿಯಲೇಬೇಕು. ಸೀರೆ, ಪಂಚೆಗಳಲ್ಲಿ ನಮ್ಮವರು ಈ ತೊಂದರೆಯನ್ನು ಬಟ್ಟೆ ಕತ್ತರಿಸದೆ, ನೆರಿಗೆಯ ಸಡಿಲದಲ್ಲೇ ಬಗೆಹರಿಸಿಕೊಂಡರು. ಕಾಲಿಗೆ ಅಂಟಿದಂತೆ ತೊಡುವ ಯುರೋಪಿನ ಉಡುಪಿಗೆ ಹಿಗ್ಗುವ ಬಟ್ಟೆಯೇ ಬೇಕಾಯಿತು.

1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ಕ್ಯಾಲ್ವರ್ಟನ್ನಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಕೈಯಲ್ಲಿ ಒಂದೊಂದೇ ಕುಣಿಕೆ ಎತ್ತುವ ಬದಲು ಇಡೀ ಸಾಲನ್ನು ಒಮ್ಮೆಗೇ ಎಳೆಯುವ ಯುಕ್ತಿ ಅದರದು. ಕೈಹೆಣಿಗೆಯ ಬಡವರ ಹೊಟ್ಟೆಪಾಡು ಹೋದೀತೆಂದು ಒಂದನೇ ಎಲಿಜಬೆತ್ ರಾಣಿ ಪೇಟೆಂಟ್ ನಿರಾಕರಿಸಿದಳೆಂಬ ಕಥೆ ಇಂದಿಗೂ ಓಡಾಡುತ್ತದೆ. ಲೀ ಫ್ರಾನ್ಸಿಗೆ ಹೋದ, ಅಲ್ಲೇ ತೀರಿಕೊಂಡ. ಯಂತ್ರ ಮಾತ್ರ ಇಂಗ್ಲೆಂಡಿನಲ್ಲಿ ಬೇರೂರಿತು.

ಮುಂದಿನ ಇನ್ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಯಂತ್ರದ ಮುಂದೆ ಕೂತವರ ಬದುಕು. ಲೆಸ್ಟರ್, ಡರ್ಬಿ, ನಾಟಿಂಗ್‌ಹ್ಯಾಮ್ ಸೀಮೆಗಳಲ್ಲಿ ಮನೆಮನೆಯಲ್ಲೂ ಯಂತ್ರ ಬಂತು, ಆದರೆ ಅದರ ಒಡೆತನ ಹೆಚ್ಚಾಗಿ ಬೇರೆಯವರದು. ಹೆಣೆಯುವವರು ವಾರವಾರ ಬಾಡಿಗೆ ಕಟ್ಟಬೇಕು, ಕೆಲಸ ಇಲ್ಲದ ದಿನಗಳಿಗೂ. ಬೆಳಕಿಗಾಗಿ ಅಗಲ ಕಿಟಕಿ ಬಿಟ್ಟ ಕೋಣೆಗಳಲ್ಲಿ, ಮರದ ಪಟ್ಟಿಯ ಮೇಲೆ ಕೂತು, ಎರಡು ಕೈ ಎರಡು ಕಾಲು ಬಿಡುವಿಲ್ಲದೆ ಆಡಿಸುವ ದುಡಿಮೆ. ಅವರ ಬಡತನ ಇಂಗ್ಲಿಷಿನಲ್ಲಿ ಗಾದೆಯೇ ಆಯಿತು. 1811ರಲ್ಲಿ ಲಡೈಟರು ಎಂದು ಹೆಸರಾದ ಬಂಡೆದ್ದ ಕೆಲಸಗಾರರು ಒಡೆದದ್ದು ಇದೇ ಯಂತ್ರಗಳನ್ನು. ಕೂಲಿ ಇಳಿಸಿದ, ಕಳಪೆ ಮಾಲು ತೆಗೆಸಿದ ಒಡೆಯರ ಮೇಲೆ ಅವರ ಸಿಟ್ಟು. ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಮಸೂದೆಯ ವಿರುದ್ಧ 1812ರ ಫೆಬ್ರುವರಿಯಲ್ಲಿ ಕವಿ ಬೈರನ್ ಸಂಸತ್ತಿನಲ್ಲಿ ತನ್ನ ಮೊದಲ ಭಾಷಣ ಮಾಡಿದ; ಮಸೂದೆ ಕಾಯ್ದೆಯಾಗಿಯೇ ತೀರಿತು. ಉಡುವವರ ಕಾಲಿಗೆ ಹಾಯೆನಿಸುವ ಬಟ್ಟೆ ಹೆಣೆಯುವವರ ಬೆನ್ನು ಬಾಗಿಸಿದ ಈ ಕಾಲವನ್ನು ವಿನ್ಯಾಸದ ಚರಿತ್ರೆಗಳು ಎರಡೇ ಸಾಲಿನಲ್ಲಿ ದಾಟಿಬಿಡುವುದು ನ್ಯಾಯವಲ್ಲ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಲೆಸ್ಟರಿನ ಮ್ಯಾಥ್ಯೂ ಟೌನ್‌ಸೆಂಡ್ ತೆರೆದು ಮುಚ್ಚುವ ಪುಟ್ಟ ನಾಲಗೆಯಿರುವ ಸೂಜಿಗೆ ಪೇಟೆಂಟ್ ಪಡೆದ ಮೇಲೆ ಕಾರ್ಖಾನೆಯ ಹೆಣಿಗೆಗೆ ವೇಗ ಬಂತು. ಆದರೂ ಬಟ್ಟೆ ಹೆಚ್ಚಾಗಿ ಒಳಉಡುಪಿಗೇ ಹೋಗುತ್ತಿತ್ತು. ಒಂದನೇ ಮಹಾಯುದ್ಧದ ನಡುವೆ, 1916ರ ಸುಮಾರಿಗೆ, ಫ್ರೆಂಚ್ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜೆರ್ಸಿ ಎಂಬ ಹೆಣಿಗೆ ಬಟ್ಟೆಯಲ್ಲಿ ಹೆಂಗಸರ ಹೊರಉಡುಪು ಹೊಲಿಸಿದಳು. ನಡು ಬಿಗಿಯುವ ಕೊರ್ಸೆಟ್ ಎಂಬ ಒಳಉಡುಪಿನಿಂದ ಆಗಷ್ಟೇ ಬಿಡಿಸಿಕೊಳ್ಳುತ್ತಿದ್ದವರಿಗೆ ಅದರಲ್ಲಿ ನಡೆಯುವುದು, ಕೂರುವುದು ಸಲೀಸಾಯಿತು.

ಸುಖವೆಂದರೆ ಸಡಿಲ ಮಾತ್ರವಲ್ಲ ಎಂದು ತೋರಿಸಿದವರು ಅಮೆರಿಕದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್. ಅವರಿಗೇ ಕಾಲಿನ ರಕ್ತನಾಳದ ಕಾಯಿಲೆ ಇತ್ತು. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುವುದನ್ನು ಗಮನಿಸಿದರು. ನೀರಿನ ಒತ್ತಡ ಆಳಕ್ಕೆ ಹೋದಂತೆ ಏರುತ್ತದೆ. ಹಾಗೆಯೇ ಪಾದದ ಗಂಟಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಒತ್ತುವ ಕಾಲುಚೀಲವನ್ನು 1950ರ ಹೊತ್ತಿಗೆ ರೂಪಿಸಿದರು. ವೇರಿಕೋಸ್ ವೇನ್ಸ್ (ಕಾಲಿನ ಉಬ್ಬಿದ ರಕ್ತನಾಳ) ಇರುವವರಿಗೆ ವೈದ್ಯರು ಇಂದಿಗೂ ಬರೆದುಕೊಡುವುದು ಅದೇ ತತ್ವದ ಕಾಲುಚೀಲ. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ, ಆಮೇಲೆ ಲೈಕ್ರಾ ಎಂದು ಹೆಸರಾದ ನೂಲು ತನ್ನ ಉದ್ದದ ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗುತ್ತಿತ್ತು.

ಕುರ್ಚಿಯ ಸರದಿ ಬಂದದ್ದು ಆಗಲೇ. ಫ್ರೆಂಚ್ ವಿನ್ಯಾಸಕಾರ ಪಿಯರ್ ಪೋಲಾಂ ಶಿಲ್ಪಿಯಾಗಲು ಹೊರಟು, ಕೈಗೆ ಪೆಟ್ಟಾಗಿ ಪೀಠೋಪಕರಣಕ್ಕೆ ಬಂದವರು. 1950ರ ದಶಕದಲ್ಲೇ ಅವರು ಈಜುಡುಪಿನ ಬಟ್ಟೆಯನ್ನು ಕುರ್ಚಿಯ ಮೇಲೆ ಎಳೆದು ಕೂರಿಸಿ ನೋಡಿದ್ದರು. ನೆದರ್‌ಲ್ಯಾಂಡ್ಸಿನ ಆರ್ಟಿಫೋರ್ಟ್ ಕಂಪನಿಗಾಗಿ ಮಾಡಿದ 1960ರ ‘ಅಣಬೆ’, 1966ರ ‘ರಿಬ್ಬನ್’, 1967ರ ‘ನಾಲಗೆ’ ಕುರ್ಚಿಗಳಲ್ಲಿ ಲೋಹದ ಚೌಕಟ್ಟು, ಅದರ ಮೇಲೆ ಫೋಮ್, ಎಲ್ಲದರ ಮೇಲೆ ಕಾಲುಚೀಲದಂತೆ ಏರಿಸಿದ ಹಿಗ್ಗುವ ಬಟ್ಟೆ. ನೇಯ್ದ ಬಟ್ಟೆಯಾಗಿದ್ದರೆ ಆ ತಿರುವುಗಳಿಗೆ ಹತ್ತಾರು ತುಂಡು ಕತ್ತರಿಸಿ, ಮಡಿಕೆ ಹಾಕಿ, ಮೊಳೆ ಹೊಡೆಯಬೇಕಿತ್ತು. ಕಾಲು, ಕೈ, ಬೆನ್ನು ಎಂಬ ಭಾಗಗಳೇ ಇಲ್ಲದ ಕುರ್ಚಿ ಹಾಗೆ ಸಾಧ್ಯವಾಯಿತು. ಕೂತವರು ಒರಗಬಹುದು, ಅಡ್ಡ ಕೂರಬಹುದು, ಕಾಲು ಮಡಚಿಕೊಳ್ಳಬಹುದು. ಹೀಗೇ ಕೂರು ಎಂದು ಅದು ಅಪ್ಪಣೆ ಮಾಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಪೋಲಾಂ ಅವರ ದೊಡ್ಡ ಕೊಡುಗೆ ಬಣ್ಣವೂ ಅಲ್ಲ, ಆಕಾರವೂ ಅಲ್ಲ, ಈ ಸ್ವಾತಂತ್ರ್ಯ.

ಫೋಮಿಗೆ ಮಾತ್ರ ಬಿಸಿ ಹಿಡಿದಿಡುವ ದೋಷವಿದೆ. ಹೆಚ್ಚು ಹೊತ್ತು ಕೂರುವ ವೃದ್ಧರಿಗೆ, ರೋಗಿಗಳಿಗೆ ಆ ಬೆವರು ಮತ್ತು ಒಂದೇ ಕಡೆ ಬೀಳುವ ಒತ್ತಡ ಸೇರಿ ಹುಣ್ಣಾಗಬಹುದು. ಅಮೆರಿಕದ ವಿನ್ಯಾಸಕಾರರಾದ ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ವೃದ್ಧರ ಆಸನದ ಬಗ್ಗೆ ಮಾಡಿದ ಕೆಲಸವೇ ಮುಂದೆ 1994ರ ಏರಾನ್ ಆಫೀಸು ಕುರ್ಚಿಗೆ ದಾರಿಯಾಯಿತು. ಅದರಲ್ಲಿ ಫೋಮಿನ ಬದಲು ಬಿಗಿದ ಜಾಲರಿ. ಅದು ನೇಯ್ದ ಜಾಲರಿ, ಹೆಣೆದದ್ದಲ್ಲ. ಬೆತ್ತದ ಕುರ್ಚಿ, ನವಾರದ ಮಂಚ ಕಂಡ ನಮಗೆ ಆ ತತ್ವ ಹೊಸದೂ ಅಲ್ಲ. ಆದರೆ ಮೆತ್ತೆ ಇಲ್ಲದೆಯೂ ಭಾರ ಹಂಚಬಹುದೆಂದು ಅದು ಉದ್ಯಮಕ್ಕೆ ಒಪ್ಪಿಸಿದ ಮೇಲೆ, ಹೆಣಿಗೆ ಬಟ್ಟೆಯೂ ಹೊದಿಕೆಯ ಪಾತ್ರ ಬಿಟ್ಟು ಭಾರ ಹೊರುವ ಕೆಲಸಕ್ಕೆ ಬಂತು.

ಅದಕ್ಕೆ ಬೇಕಾದ ಯಂತ್ರ ಜಪಾನಿನ ವಕಾಯಾಮಾದಲ್ಲಿ ಸಿದ್ಧವಾಗಿತ್ತು. ಅಲ್ಲಿನ ಮಸಾಹಿರೊ ಶಿಮಾ ಕೈಗವಸು ಹೆಣೆಯುವ ಯಂತ್ರಗಳಿಂದ ಶುರುಮಾಡಿದವರು. ಮೂರು ಬೆರಳಿನ ಕೈಗವಸನ್ನು ತಿರುಗಿಸಿ ನೋಡಿದರೆ ನಡುಬೆರಳು ಮೈ, ಅಕ್ಕಪಕ್ಕದವು ತೋಳು ಎಂಬ ಹೊಳಹಿನಿಂದ, 1995ರಲ್ಲಿ ಇಡೀ ಸ್ವೆಟರನ್ನು ಹೊಲಿಗೆಯಿಲ್ಲದೆ ಹೆಣೆಯುವ ಯಂತ್ರವನ್ನು ಪ್ರದರ್ಶಿಸಿದರು. ಇಂಥ ಯಂತ್ರ ಒಂದೇ ತುಂಡಿನಲ್ಲಿ ಇಲ್ಲಿ ಬಿಗಿ, ಅಲ್ಲಿ ಸಡಿಲ, ಮತ್ತೊಂದೆಡೆ ಗಾಳಿಕಿಂಡಿ ಎಂದು ಬೇಕಾದಂತೆ ಕುಣಿಕೆ ಹಾಕಬಲ್ಲದು. 2012ರಲ್ಲಿ ನೈಕಿಯ ಹೆಣೆದ ಶೂ ಬಂತು. 2015ರಲ್ಲಿ ಬೆಂಜಮಿನ್ ಹ್ಯೂಬರ್ಟ್ ಇಟಲಿಯ ಮೊರೊಸೊ ಕಂಪನಿಗೆ ರೂಪಿಸಿದ ‘ಟೆಂಟ್’ ಕುರ್ಚಿಯಲ್ಲಿ ಉಕ್ಕಿನ ಚೌಕಟ್ಟಿಗೆ ಬಿಗಿದ ಹೆಣಿಗೆಯೇ ಆಸನ.

ಲೆಕ್ಕದ ಇನ್ನೊಂದು ಬದಿ ಇಲ್ಲಿಗೂ ಮುಟ್ಟುತ್ತದೆ. ದೇಶದ ಹತ್ತಿ ಹೆಣಿಗೆಯ ದೊಡ್ಡ ಊರು ನೆರೆಯ ತಮಿಳುನಾಡಿನ ತಿರುಪ್ಪೂರು. ಅಲ್ಲಿನ ಬಣ್ಣದ ಘಟಕಗಳ ಕೊಳೆನೀರು, ಕೆಳಗೆ ಹೋಗಿ ಕಾವೇರಿ ಸೇರುವ ನೊಯ್ಯಲ್ ನದಿಯನ್ನು ಕೆಡಿಸಿತು, ದಂಡೆಯ ರೈತರ ಹೊಲಗಳು ಹಾಳಾದವು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚುವಂತೆ ಆದೇಶಿಸಬೇಕಾಯಿತು. ಹಳೆಯ ಉಣ್ಣೆ ಸ್ವೆಟರನ್ನು ಬಿಚ್ಚಿ ಅದೇ ನೂಲಿನಿಂದ ಮಗುವಿಗೆ ಹೊಸದು ಹೆಣೆಯುವುದು ನಮ್ಮ ಮನೆಗಳಲ್ಲಿ ಮಾಮೂಲಾಗಿತ್ತು. ಹತ್ತಿಯೊಂದಿಗೆ ಲೈಕ್ರಾ ಬೆರೆತ ಟೀ ಶರ್ಟನ್ನು, ಫೋಮಿಗೆ ಅಂಟಿಸಿದ ಸೋಫಾ ಹೊದಿಕೆಯನ್ನು ಹಾಗೆ ಬಿಡಿಸಲಾಗದು. ಒಂದೇ ಬಗೆಯ ನೂಲಿನಲ್ಲಿ ಹೆಣೆದು, ಅಂಟಿಲ್ಲದೆ ಚೌಕಟ್ಟಿಗೆ ತೊಡಿಸಿ, ಬೇಕೆಂದಾಗ ಕಳಚುವ ಆಸನ ಮಾಡಲು ಇಂದಿನ ಯಂತ್ರಗಳಿಗೆ ಅಡ್ಡಿಯಿಲ್ಲ. ಕೊಳ್ಳುವವರು ಅದನ್ನೇ ಕೇಳಲಿ ಎಂಬುದು ನನ್ನ ಆಸೆ.