ಸೀರೆ ಕುಚ್ಚು ಚೆನ್ನಾಗಿ ಬರುತ್ತದೆ, ಹೊದಿಕೆ ಮಾತ್ರ ತ್ರಿಕೋನವಾಗುತ್ತದೆ, ಏಕೆ?

ಪ್ರಶ್ನೆ: ಕೆಲವು ವರ್ಷಗಳಿಂದ ಸೀರೆಗಳಿಗೆ ಕ್ರೋಶಾ ಕುಚ್ಚು ಹಾಕುತ್ತಿದ್ದೇನೆ. ಚೈನ್ ಎಂಬ ಸರಪಳಿ ಕುಣಿಕೆ, ಸಿಂಗಲ್ ಎಂಬ ಗಿಡ್ಡ ಹೊಲಿಗೆ, ಡಬಲ್ ಎಂಬ ಎತ್ತರದ ಹೊಲಿಗೆ ಮೂರೂ ಬರುತ್ತವೆ. ಸೋಫಾದ ಮೇಲೆ ಹಾಸಲು, ಚಳಿಗೆ ಹೊದೆಯಲು ಬಣ್ಣಬಣ್ಣದ ಒಂದು ಹೊದಿಕೆ ಹೆಣೆಯುವ ಆಸೆ. ಆದರೆ ಶುರು ಮಾಡಿದ್ದು ಸಾಲು ಏರಿದಂತೆ ಕಿರಿದಾಗುತ್ತಾ ಹೋಗುತ್ತಿದೆ. ತಪ್ಪು ಎಲ್ಲಿ? ನನಗೆ ಬರುವ ಇಷ್ಟರಲ್ಲೇ ಮುಗಿಸಬಹುದಾದ ವಿನ್ಯಾಸ ಯಾವುದು?

ಉತ್ತರ: ತಪ್ಪು ಸಾಲಿನ ಕೊನೆಯಲ್ಲಿದೆ. ಕುಚ್ಚಿನಲ್ಲಿ ಪಳಗಿದ ಕೈಗೇ ಇದು ಹೆಚ್ಚಾಗಿ ಆಗುತ್ತದೆ. ಕುಚ್ಚು ಹಾಕುವಾಗ ಸೆರಗಿನ ಬಟ್ಟೆ ಅಗಲವನ್ನು ಹಿಡಿದುಕೊಂಡಿರುತ್ತದೆ. ತುದಿಯಲ್ಲಿ ಒಂದು ಹೊಲಿಗೆ ಹೆಚ್ಚಾದರೂ ಕಡಿಮೆಯಾದರೂ ಸೀರೆ ಕಿರಿದಾಗುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೊದಿಕೆಗೆ ಅಂಥ ಆಸರೆ ಇಲ್ಲ. ಹಿಂದಿನ ಸಾಲೇ ಮುಂದಿನ ಸಾಲಿಗೆ ಬಟ್ಟೆ. ಅಲ್ಲಿ ಒಂದು ಹೊಲಿಗೆ ಕಳೆದರೆ ಬಟ್ಟೆಯನ್ನೇ ಅಷ್ಟು ಕತ್ತರಿಸಿದ ಹಾಗೆ.

ಕಳೆಯುವುದು ಎಲ್ಲಿ ಎಂದು ಹುಡುಕಬೇಕಾಗಿಯೂ ಇಲ್ಲ. ಡಬಲ್ ಸಾಲು ಮುಗಿಸಿ ತಿರುಗಿಸುವಾಗ ಮೂರು ಚೈನ್ ಹಾಕುತ್ತೀರಿ. ಆ ಮೂರು ಚೈನ್ ಸೇರಿ ಹೊಸ ಸಾಲಿನ ಮೊದಲ ಡಬಲ್ ಎಂದು ಲೆಕ್ಕ. ಮತ್ತೊಂದು ಸಾಲು ಹೆಣೆದು ಅದೇ ತುದಿಗೆ ವಾಪಸು ಬಂದಾಗ, ಆ ಮೂರು ಚೈನಿನ ನೆತ್ತಿಯ ಮೇಲೆ ಕೊನೆಯ ಡಬಲ್ ಕೂರಬೇಕು. ಆದರೆ ಅದು ಹೊಲಿಗೆಯಂತೆ ಕಾಣುವುದೇ ಇಲ್ಲ. ಸಣಕಲಾಗಿ ಪಕ್ಕಕ್ಕೆ ವಾಲಿಕೊಂಡು, ಅಂಚಿಗೆ ಬಿಟ್ಟ ದಾರದ ಹಾಗೆ ನಿಂತಿರುತ್ತದೆ. ಹೊಸಬರು ಅದನ್ನು ಬಿಟ್ಟು ತಿರುಗಿಸಿಬಿಡುತ್ತಾರೆ. 181 ಹೊಲಿಗೆಯಿಂದ ಶುರುವಾದ ಹೊದಿಕೆಯಲ್ಲಿ ಸಾಲಿಗೊಂದರಂತೆ ಬಿಟ್ಟರೆ, ನೂರು ಸಾಲಿನ ಹೊತ್ತಿಗೆ ಉಳಿಯುವುದು 81. ಒಂದೊಂದು ಸಾಲನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಹಾಸಿ ನೋಡಿದಾಗ ತ್ರಿಕೋನ.

ಇದಕ್ಕೆ ಮದ್ದು ನಿಮ್ಮ ಸೀರೆಯಲ್ಲೇ ಇದೆ: ಪಿನ್ನು. ತಿರುಗಿಸುವ ಮೂರು ಚೈನ್ ಹಾಕಿದ ತಕ್ಷಣ ಮೂರನೆಯ ಚೈನಿಗೆ ಒಂದು ಸಣ್ಣ ಸೇಫ್ಟಿ ಪಿನ್ನು ಸಿಕ್ಕಿಸಿ. ವಾಪಸು ಬಂದಾಗ ಪಿನ್ನು ಇರುವಲ್ಲಿ ಕೊನೆಯ ಹೊಲಿಗೆ. ಈಗ ಕಿರಿದಾಗಿರುವ ತುಂಡನ್ನು ದಯವಿಟ್ಟು ಬಿಚ್ಚಿಬಿಡಿ. ಮೇಲಿನ ಸಾಲುಗಳಲ್ಲಿ ಹೊಲಿಗೆ ಹೆಚ್ಚಿಸಿ ಸರಿಮಾಡುತ್ತೇನೆ ಎಂದು ಹೊರಟರೆ ಹೊದಿಕೆಗೆ ಸೊಂಟ ಬರುತ್ತದೆ.

ಮತ್ತೆ ಶುರು ಮಾಡುವಾಗ ಇನ್ನೊಂದು ತಪ್ಪೂ ಆಗಬಹುದು. ಕುಚ್ಚಿಗೆ ಬಿಗಿ ಕೈ ಬೇಕು. ರೇಷ್ಮೆ ದಾರ ಜಾರುತ್ತದೆ, ಆದ್ದರಿಂದ ಎಳೆದು ಎಳೆದು ಲಾಕ್ ಮಾಡುವುದು ಅಭ್ಯಾಸವಾಗಿರುತ್ತದೆ. ಅದೇ ಕೈಯಲ್ಲಿ ಹೊದಿಕೆಯ ಬುಡದ ಚೈನ್ ಹಾಕಿದರೆ ಬುಡ ಬಿಗಿದು, ಮೇಲಿನ ಸಾಲುಗಳು ಅರಳುತ್ತವೆ. ಆಗ ಆಕಾರ ನಿಮ್ಮದಕ್ಕೆ ತಿರುಗುಮುರುಗಾಗುತ್ತದೆ. ಬುಡದ ಚೈನಿಗೆ ಮಾತ್ರ ಅರ್ಧ ಅಥವಾ ಒಂದು ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿ ಬಳಸಿದರೆ ಇದು ತಪ್ಪುತ್ತದೆ. ಕುಚ್ಚಿನ ತೆಳು ಉಕ್ಕಿನ ಕಡ್ಡಿಯಂತೂ ಹೊದಿಕೆಗೆ ಉಪಯೋಗವಿಲ್ಲ. ಮಧ್ಯಮ ದಪ್ಪದ ಉಲ್ಲನ್ನಿಗೆ 4 ಮಿಲಿಮೀಟರಿನ ಕಡ್ಡಿ ಬೇಕು. ಉಂಡೆಯ ಪಟ್ಟಿಯ ಮೇಲೆ ಅಳತೆ ಅಚ್ಚಾಗಿರುತ್ತದೆ, ಅದನ್ನೇ ನಂಬಿ.

ಈಗ ವಿನ್ಯಾಸದ ಮಾತು. ಮೊದಲ ಹೊದಿಕೆಗೆ ಎಲ್ಲರ ಕಣ್ಣೂ ಅಲೆ ಅಲೆಯಾಗಿ ಏರಿಳಿಯುವ ರಿಪ್ಪಲ್ ಮೇಲೆ ಬೀಳುತ್ತದೆ. ನೋಡಲು ಅದರಷ್ಟು ಚೆಂದದ್ದು ಕಡಿಮೆಯೇ. ಆದರೆ ಅದರಲ್ಲಿ ಪ್ರತಿ ಶಿಖರದಲ್ಲಿ ಹೊಲಿಗೆ ಹೆಚ್ಚಿಸಬೇಕು, ಪ್ರತಿ ಕಣಿವೆಯಲ್ಲಿ ಅಷ್ಟೇ ಕಡಿಮೆ ಮಾಡಬೇಕು. ಒಂದು ಕಣಿವೆ ತಪ್ಪಿದರೆ ಮುಂದಿನ ಶಿಖರಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಅಂಚನ್ನು ಇನ್ನೂ ಹಿಡಿತಕ್ಕೆ ತಂದುಕೊಳ್ಳುತ್ತಿರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಬಿಡಿ ಚೌಕಗಳನ್ನು ಹೆಣೆದು ಜೋಡಿಸುವ ಗ್ರ್ಯಾನಿ ಸ್ಕ್ವೇರ್ ಸುಲಭ ಹೌದು, ಬಸ್ಸಿನಲ್ಲಿ ಕೂತೂ ಹೆಣೆಯಬಹುದು. ಅದರ ಕಷ್ಟ ಕೊನೆಯಲ್ಲಿದೆ. ಚೌಕಗಳ ರಾಶಿ ಮುಂದಿಟ್ಟುಕೊಂಡು ಜೋಡಿಸಲು ಮನಸ್ಸಿಲ್ಲದೆ ಚೀಲ ಕಟ್ಟಿಟ್ಟವರು ಬಹಳ ಮಂದಿ.

ನಿಮಗೆ ಹೇಳಬೇಕಾದದ್ದು ಅದೇ ಮನೆತನದ ಗ್ರ್ಯಾನಿ ಸ್ಟ್ರೈಪ್. ಮೂರು ಡಬಲ್‌ಗಳ ಗುಂಪು, ಪಕ್ಕದಲ್ಲಿ ಸಂದು, ಮತ್ತೆ ಮೂರರ ಗುಂಪು. ಮುಂದಿನ ಸಾಲಿನ ಗುಂಪುಗಳು ಹಿಂದಿನ ಸಾಲಿನ ಸಂದುಗಳಲ್ಲಿ ಕೂರುತ್ತವೆ, ಇಟ್ಟಿಗೆ ಗೋಡೆಯ ಹಾಗೆ. ಕಡ್ಡಿಯನ್ನು ಹೊಲಿಗೆಯ ನೆತ್ತಿಯಲ್ಲಿ ತೂರಿಸಬೇಕಾಗಿಲ್ಲ, ಕಣ್ಣಿಗೆ ಕಾಣುವ ದೊಡ್ಡ ಸಂದಿಯಲ್ಲಿ ತೂರಿಸಿದರೆ ಸಾಕು. ಟಿವಿ ನೋಡುತ್ತಾ ಹೆಣೆಯಬಹುದು. ಬಣ್ಣ ಬದಲಾಯಿಸಿದ ಕೂಡಲೇ ಮೇಲಿನ ಬಣ್ಣ ಕೆಳಗಿನದರೊಳಗೆ ಹಲ್ಲು ಹಲ್ಲಾಗಿ ಇಳಿಯುವುದರಿಂದ ಬರೀ ಪಟ್ಟೆಯೂ ಕಸೂತಿಯಂತೆ ಕಾಣುತ್ತದೆ. ಉಳಿದ ದಾರದ ತುಂಡುಗಳನ್ನು ಮುಗಿಸಲು ಹುಟ್ಟಿದ ಕೆಲಸವಿದು, ನಮ್ಮ ಉತ್ತರ ಕರ್ನಾಟಕದ ಕೌದಿ ಹಳೆಯ ಸೀರೆಗಳಿಂದ ಹುಟ್ಟಿದ ಹಾಗೆ.

ಲೆಕ್ಕಕ್ಕೆ ಬರೋಣ. ನಾನು ಇಲ್ಲಿ ಬಳಸುವ ಹೆಸರುಗಳು ಅಮೆರಿಕದ ಪದ್ಧತಿಯವು, ಯೂಟ್ಯೂಬಿನಲ್ಲಿ ಹೆಚ್ಚಾಗಿ ಕೇಳಿಬರುವವು. ಈಗಿನ ಬ್ರಿಟಿಷ್ ಪುಸ್ತಕಗಳಲ್ಲಿ ನಮ್ಮ ಸಿಂಗಲ್‌ಗೆ ಡಬಲ್ ಎಂದೂ, ನಮ್ಮ ಡಬಲ್‌ಗೆ ಟ್ರೆಬಲ್ ಎಂದೂ ಹೆಸರು. ವಿವರಣೆಯಲ್ಲಿ ಎಲ್ಲಾದರೂ ‘ಸಿಂಗಲ್’ ಎಂಬ ಮಾತಿದ್ದರೆ ಅದು ಅಮೆರಿಕದ್ದು ಎಂದುಕೊಳ್ಳಿ.

ಬುಡಕ್ಕೆ ಮೂರರ ಮಗ್ಗಿಯಲ್ಲಿ ಬರುವ ಒಂದು ಸಂಖ್ಯೆಗೆ ಎರಡು ಸೇರಿಸಿ ಚೈನ್ ಹಾಕಬೇಕು. ನಿಮಗೆ 182 ಹೇಳುತ್ತೇನೆ, ಅಂದರೆ 180ಕ್ಕೆ ಎರಡು. ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಆರಂಭಿಸಿ ಒಂದೊಂದಕ್ಕೂ ಒಂದು ಸಿಂಗಲ್ ಹಾಕುತ್ತಾ ಹೋದರೆ 181 ಸಿಂಗಲ್ ಸಿಗುತ್ತವೆ. ಇಡೀ ಹೊದಿಕೆಯಲ್ಲಿ ಬೇಸರದ ಸಾಲು ಇದೊಂದೇ. ಇಪ್ಪತ್ತು ಹೊಲಿಗೆಗೆ ಒಂದರಂತೆ ಪಿನ್ನು ಹಾಕಿಕೊಂಡರೆ ಎಣಿಕೆ ತಪ್ಪಿದಾಗ ಮೊದಲಿನಿಂದ ಎಣಿಸಬೇಕಾಗುವುದಿಲ್ಲ.

ಎರಡನೆಯ ಸಾಲಿಗೆ ತಿರುಗಿಸಿ ಮೂರು ಚೈನ್ ಹಾಕಿ, ಅದೇ ಮೊದಲ ಹೊಲಿಗೆಯಲ್ಲಿ ಇನ್ನೊಂದು ಡಬಲ್ ಹಾಕಿ. ಇದು ಅರ್ಧ ಗುಂಪು. ಎರಡು ಸಿಂಗಲ್ ಬಿಟ್ಟು ಮೂರನೆಯದರಲ್ಲಿ ಮೂರು ಡಬಲ್, ಮತ್ತೆ ಎರಡು ಬಿಟ್ಟು ಮೂರು ಡಬಲ್. ಹೀಗೆ ಹೋಗಿ ಕೊನೆಯ ಹೊಲಿಗೆಯಲ್ಲಿ ಎರಡು ಡಬಲ್ ಹಾಕಿದರೆ ಆ ತುದಿಗೂ ಅರ್ಧ ಗುಂಪು ಬಂದು ನಿಲ್ಲುತ್ತದೆ. ಗುಂಪುಗಳ ನಡುವೆ ಚೈನ್ ಹಾಕಬೇಡಿ. ಕುಚ್ಚಿನ ಅಭ್ಯಾಸದಲ್ಲಿ ಕೈ ತಾನಾಗಿ ಚೈನ್ ಹಾಕಲು ಹೋಗುತ್ತದೆ, ಹಾಕಿದರೆ ಹೊದಿಕೆ ಬಲೆಯಾಗುತ್ತದೆ.

ಮೂರನೆಯ ಸಾಲಿಗೆ ತಿರುಗಿಸಿ ಮೂರು ಚೈನ್. ಅದು ಒಂಟಿ ಕಂಬವಾಗಿ ಅಂಚಿನಲ್ಲಿ ನಿಲ್ಲಲಿ. ಆಮೇಲೆ ಕೆಳಗಿನ ಸಾಲಿನ ಪ್ರತಿ ಸಂದಿಗೂ ಮೂರು ಡಬಲ್. ಕೊನೆಯ ಸಂದಿನ ನಂತರ ಪಿನ್ನು ಇರುವ ಚೈನಿನ ನೆತ್ತಿಯಲ್ಲಿ ಒಂದು ಡಬಲ್. ನಾಲ್ಕನೆಯ ಸಾಲಿನಲ್ಲಿ ಮತ್ತೆ ಅರ್ಧ ಗುಂಪು: ಮೂರು ಚೈನ್, ಅಂಚಿನ ಕಂಬಕ್ಕೂ ಮೊದಲ ಗುಂಪಿಗೂ ನಡುವಿನ ಸಂದಿಯಲ್ಲಿ ಒಂದು ಡಬಲ್, ಆಮೇಲೆ ಸಂದಿಗೆ ಮೂರರಂತೆ ಸಾಗಿ, ಕಟ್ಟಕಡೆಯ ಸಂದಿಯಲ್ಲಿ ಒಂದು ಡಬಲ್, ಪಿನ್ನಿನ ನೆತ್ತಿಯಲ್ಲಿ ಇನ್ನೊಂದು. ಇನ್ನು ಮೂರನೆಯ ಮತ್ತು ನಾಲ್ಕನೆಯ ಸಾಲುಗಳು ಸರದಿಯಾಗಿ ಬರುತ್ತವೆ. ಕಲಿಯುವುದು ಇಷ್ಟೇ.

ತಪ್ಪು ಹಿಡಿಯುವುದೂ ಹಗುರ. ಒಂದು ಸಾಲಿನಲ್ಲಿ 60 ಪೂರ್ತಿ ಗುಂಪುಗಳು, ಎರಡೂ ಅಂಚಿಗೆ ಒಂದೊಂದು ಕಂಬ. ಮುಂದಿನ ಸಾಲಿನಲ್ಲಿ 59 ಪೂರ್ತಿ ಗುಂಪುಗಳು, ಎರಡೂ ಅಂಚಿಗೆ ಅರ್ಧರ್ಧ. 181 ಹೊಲಿಗೆ ಎಣಿಸುವವರ ಕಷ್ಟವೆಲ್ಲಿ, 60 ಗುಂಪು ಎಣಿಸುವವರ ಸುಖವೆಲ್ಲಿ. ಅಂಚು ಸರಿಯಾಗಿದೆಯೇ ಎಂದು ತಿಳಿಯಲು ಎಲ್ಲವನ್ನೂ ಎಣಿಸಬೇಕೆಂದೂ ಇಲ್ಲ. ಎಡ ಬಲ ಎರಡೂ ತುದಿಯಲ್ಲಿ ಒಂದೇ ಬಗೆಯದು ಇರಬೇಕು. ಒಂದು ಕಡೆ ಅರ್ಧ ಗುಂಪು, ಇನ್ನೊಂದು ಕಡೆ ಒಂಟಿ ಕಂಬ ಕಂಡಿತೋ, ಅಲ್ಲೇ ನಿಂತು ಆ ಸಾಲನ್ನು ಬಿಚ್ಚಿ.

ಗುಂಪಿಗೆ ಸುಮಾರು 1.8 ಸೆಂಟಿಮೀಟರ್ ಎಂದು ಹಿಡಿದರೆ 60 ಗುಂಪಿಗೆ 108 ಸೆಂಟಿಮೀಟರ್ ಅಗಲ ಬರುತ್ತದೆ, ಹೆಚ್ಚುಕಡಿಮೆ ಒಂದು ಸೆರಗಿನಷ್ಟು. ಉದ್ದ 130 ಸೆಂಟಿಮೀಟರ್ ಇರಲಿ. ಒಬ್ಬರು ಸೋಫಾದಲ್ಲಿ ಕಾಲು ಮಡಚಿ ಕೂತು ಹೊದೆಯಲು ಧಾರಾಳ. ಸಾಲಿಗೆ ಒಂದು ಸೆಂಟಿಮೀಟರ್ ಎತ್ತರವಾದರೆ 130 ಸಾಲು ಬೇಕು, ಗಂಟೆಗೆ ಮೂರು ಸಾಲು ಹೆಣೆದರೂ 43 ಗಂಟೆಯ ಕೆಲಸ. ಮುಂದಿನ ವಾರದ ಗೃಹಪ್ರವೇಶಕ್ಕೆ ಉಡುಗೊರೆ ಕೊಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ.

ದಾರ ಎಷ್ಟು ಕೊಳ್ಳಬೇಕು ಎಂಬುದನ್ನು ಅಂಗಡಿಯವರನ್ನು ಕೇಳುವುದಕ್ಕಿಂತ ಅಡುಗೆಮನೆಯ ತಕ್ಕಡಿಯನ್ನು ಕೇಳಿ. ಒಂದು ಉಂಡೆ ತಂದು 20 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಮಾದರಿ ತುಂಡು ಹೆಣೆದು ತೂಗಿ. ನಿಮ್ಮ ಹೊದಿಕೆಯ ವಿಸ್ತೀರ್ಣ 108 ಗುಣಿಸು 130, ಅಂದರೆ 14,040 ಚದರ ಸೆಂಟಿಮೀಟರ್. ಮಾದರಿಯದು 400. ಭಾಗಿಸಿದರೆ 35. ಮಾದರಿ 24 ಗ್ರಾಂ ತೂಗಿದರೆ ಹೊದಿಕೆಗೆ 840 ಗ್ರಾಂ ಬೇಕು. ದಾರ ಕತ್ತರಿಸಿದಲ್ಲಿ ಉಳಿಯುವ ಬಾಲದಾರ, ಅಂಚುಪಟ್ಟಿ ಎಂದು ನೂರೈವತ್ತು ಗ್ರಾಂ ಸೇರಿಸಿದರೆ ಹತ್ತಿರ ಹತ್ತಿರ ಒಂದು ಕಿಲೋ. ಇದೇ ಮಾದರಿ ನಿಮ್ಮ ಗುಂಪಿನ ಅಗಲವನ್ನೂ ಹೇಳಿಬಿಡುತ್ತದೆ. 1.8ರ ಬದಲು 1.6 ಬಂದರೆ ಕೈ ಇನ್ನೂ ಕುಚ್ಚಿನಲ್ಲೇ ಇದೆ ಎಂದರ್ಥ, ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿಗೆ ಬದಲಿಸಿ.

ದಾರ ಅಕ್ರಿಲಿಕ್ ಆಗಿದ್ದರೆ ಒಳ್ಳೆಯದು. ಲೂಧಿಯಾನದ ಗಿರಣಿಗಳ ಅಕ್ರಿಲಿಕ್ ನಮ್ಮ ಊರುಗಳ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆ ಕೈಗೆಟಕುವಂತಿರುತ್ತದೆ, ಎಷ್ಟು ಸಲ ಬಿಚ್ಚಿ ಹೆಣೆದರೂ ತಾಳಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಹತ್ತಿ ದಾರ ಹಿತ ಎನಿಸಬಹುದು, ಆದರೆ ಈ ಅಳತೆಯ ಹತ್ತಿಯ ಹೊದಿಕೆ ಒದ್ದೆಯಾದಾಗ ಎತ್ತಲಾರದಷ್ಟು ಭಾರವಾಗುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಹೆಚ್ಚು ಬೇಕಾಗುವ ಬಣ್ಣವನ್ನು ಒಂದೇ ಸಲಕ್ಕೆ, ಪಟ್ಟಿಯ ಮೇಲಿನ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಅದ್ದಿದ ದಾರದ ಗುರುತು) ಒಂದೇ ಇರುವಂತೆ ನೋಡಿ ಕೊಳ್ಳಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಲಾಟುಗಳ ಕೆಂಪು ಮನೆಯ ಹಗಲು ಬೆಳಕಿನಲ್ಲಿ ಬೇರೆಯಾಗಿರುತ್ತದೆ.

ಬಣ್ಣಗಳ ಬಗ್ಗೆ ನನ್ನದೊಂದು ಹಟವಿದೆ: ಮೊದಲ ಹೊದಿಕೆಗೆ ಮೂರೇ ಬಣ್ಣ. ಸೌಂದರ್ಯಕ್ಕಿಂತ ಬಾಲದಾರದ ಲೆಕ್ಕ ಇದಕ್ಕೆ ಕಾರಣ. ಎರಡು ಸಾಲಿಗೊಮ್ಮೆ ಬಣ್ಣ ಬದಲಿಸಿ ಪ್ರತಿ ಸಲ ದಾರ ಕತ್ತರಿಸಿದರೆ 65 ಪಟ್ಟೆಗೆ 130 ಬಾಲಗಳು ನೇತಾಡುತ್ತವೆ. ಕುಚ್ಚಿನಲ್ಲಾದರೆ ಗಂಟು ಹಾಕಿ, ಒಂದು ತೊಟ್ಟು ಗಮ್ ತಾಗಿಸಿ ಮುಗಿಸುತ್ತೀರಿ. ಹೊದಿಕೆಯಲ್ಲಿ ಗಮ್ ಗಟ್ಟಿಯಾಗಿ ಮೈಗೆ ಚುಚ್ಚುತ್ತದೆ, ಬರಿಯ ಗಂಟು ಒಗೆದಾಗ ಬಿಚ್ಚಿಕೊಳ್ಳುತ್ತದೆ. 15 ಸೆಂಟಿಮೀಟರ್ ಬಾಲ ಬಿಟ್ಟು, ದಪ್ಪ ಸೂಜಿಯಲ್ಲಿ ಅದೇ ಬಣ್ಣದ ಗುಂಪುಗಳೊಳಗೆ ಹೋಗಿ, ಹಿಂತಿರುಗಿ, ಮತ್ತೆ ಹೋಗಿ ಅಡಗಿಸಬೇಕು. ಮೂರೇ ಬಣ್ಣಗಳು ಎರಡೆರಡು ಸಾಲಿನಂತೆ ಸರದಿಯಲ್ಲಿ ಬಂದರೆ ಈ ತಾಪತ್ರಯ ಬಹುಪಾಲು ಇಲ್ಲ. ಬಿಟ್ಟ ದಾರ ಅದೇ ಅಂಚಿನಲ್ಲಿ ಕಾಯುತ್ತಿರುತ್ತದೆ, ನಾಲ್ಕು ಸಾಲಿನ ನಂತರ ಸಡಿಲವಾಗಿ ಮೇಲಕ್ಕೆ ತಂದು ಮುಂದುವರಿಸಬಹುದು. ಬಿಗಿದು ತಂದರೆ ಆ ಅಂಚು ಮುದುರುತ್ತದೆ. ಬಣ್ಣ ಬದಲಿಸುವುದು ಸಾಲಿನ ಕೊನೆಯ ಡಬಲ್‌ನ ಕೊನೆಯ ಎಳೆತದಲ್ಲಿ, ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಿರುವಾಗ. ಹಾಗೆ ಮಾಡಿದರೆ ಹೊಸ ಸಾಲು ಚೊಕ್ಕವಾಗಿ ಹೊಸ ಬಣ್ಣದಲ್ಲೇ ಆರಂಭವಾಗುತ್ತದೆ.

ಮೂರು ಬಣ್ಣ ಯಾವುವು ಎಂದರೆ, ಒಂದು ಗಾಢ, ಒಂದು ತಿಳಿ, ಒಂದು ಇವೆರಡರ ನಡುವಿನದು. ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಮೂರೂ ಒಂದೇ ಬೂದಿ ಬಣ್ಣವಾಗಿ ಕಂಡರೆ ಪಟ್ಟೆಗಳು ದೂರದಿಂದ ಕಾಣುವುದಿಲ್ಲ, ಒಂದನ್ನು ಬದಲಿಸಿ.

ಅಂಚುಪಟ್ಟಿಗೆ ಸುತ್ತಲೂ ಒಂದು ಸುತ್ತು ಸಿಂಗಲ್ ಸಾಕು. ಮೂಲೆಗೆ ಒಂದೇ ಜಾಗದಲ್ಲಿ ಮೂರು ಹಾಕಿದರೆ ಮೂಲೆ ಚೂಪಾಗಿ ತಿರುಗುತ್ತದೆ. ಪಕ್ಕದ ಅಂಚಿನಲ್ಲಿ ಸಾಲಿಗೆ ಎರಡು ಸಿಂಗಲ್‌ನಂತೆ ಆರಂಭಿಸಿ ನೋಡಿ, ಮೇಲೆ ತಂದ ದಾರವೂ ಇದರೊಳಗೆ ಅಡಗುತ್ತದೆ. ಅಂಚು ಜಾಲರಿಯಂತೆ ನೆರಿಗೆಗಟ್ಟಿದರೆ ಅಲ್ಲಲ್ಲಿ ಒಂದು ಕಡಿಮೆ ಮಾಡಿ, ಒಳಕ್ಕೆ ಎಳೆದರೆ ಅಲ್ಲಲ್ಲಿ ಒಂದು ಹೆಚ್ಚಿಸಿ. ನಿಮ್ಮ ಕುಚ್ಚಿನ ಚಮತ್ಕಾರವೆಲ್ಲ ಇಲ್ಲಿ ತೋರಿಸಬಹುದು, ಮಣಿ ಮಾತ್ರ ಬೇಡ. ಹಸುಗೂಸಿಗೆ ಹೊದಿಸಲು ಈ ವಿನ್ಯಾಸವನ್ನು ನಾನು ಒಪ್ಪುವುದಿಲ್ಲ, ಸಂದುಗಳಲ್ಲಿ ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುತ್ತವೆ.

ಮುಗಿದ ಮೇಲೆ ಬಕೆಟ್ಟಿನಲ್ಲಿ ತಣ್ಣೀರು, ಸ್ವಲ್ಪ ಸೋಪಿನ ಪುಡಿ ಹಾಕಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆಯಿರಿ. ಒದ್ದೆ ಹೊದಿಕೆಯನ್ನು ತಂತಿಗೆ ನೇತುಹಾಕಿದರೆ ತನ್ನ ಭಾರಕ್ಕೇ ಉದ್ದವಾಗುತ್ತದೆ. ನೆರಳಿನಲ್ಲಿ ಚಾಪೆಯ ಮೇಲೆ ಹಾಸಿ, ನಾಲ್ಕೂ ಮೂಲೆ ನೇರ ಮಾಡಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ. ಬಿಸಿ ತಗುಲಿದ ಜಾಗ ಚಪ್ಪಟೆಯಾಗಿ ಹೊಳೆಯತೊಡಗುತ್ತದೆ, ಎಷ್ಟು ಒಗೆದರೂ ಮೊದಲಿನ ಉಬ್ಬು ವಾಪಸು ಬರುವುದಿಲ್ಲ.