ಟೋಟಲ್ ಕೌಂಟ್ ಸರಿಯಿದ್ದರೂ ನ್ಯುಮೋನಿಯಾ ಇರಬಹುದು

ಧನುರ್ಮಾಸದ ಚಳಿಗೆ ಕೋಲಾರದ ಕ್ಲಿನಿಕ್‌ಗಳ ಮುಂದೆ ಕೆಮ್ಮುವವರ ಸಾಲು ಬೆಳೆಯುತ್ತದೆ. ಜ್ವರ, ಮೈಕೈ ನೋವು, ಒಣ ಕೆಮ್ಮು ಮೂರು ದಿನ ದಾಟಿದರೆ ರಕ್ತಪರೀಕ್ಷೆ. ರಿಪೋರ್ಟ್‌ನಲ್ಲಿ ಟೋಟಲ್ ಕೌಂಟ್ (ಬಿಳಿ ರಕ್ತಕಣಗಳ ಒಟ್ಟು ಎಣಿಕೆ) 5,200 ಎಂದಿದ್ದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮಿತಿ 4,000ದಿಂದ 11,000 ತಾನೇ? ವೈರಸ್ ನ್ಯುಮೋನಿಯಾದ ವಿಷಯದಲ್ಲಿ ನನಗೆ ಭಯ ಹುಟ್ಟಿಸುವುದು ಈ ನೆಮ್ಮದಿಯೇ.

ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದಾಗ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಏರುತ್ತವೆ. ಇನ್‌ಫ್ಲುಯೆಂಜಾ, ಕೋವಿಡ್‌ಗಳಲ್ಲಿ ಅವು ಏರದೆಯೂ ಇರಬಹುದು, ಇಳಿಯಲೂಬಹುದು. ಆದ್ದರಿಂದ ಅದೇ ಹಾಳೆಯಲ್ಲಿ ಕೆಳಗಿರುವ ಲಿಂಫೋಸೈಟ್ (ಬಿಳಿ ರಕ್ತಕಣದ ಒಂದು ಬಗೆ) ಸಾಲನ್ನೂ ಓದಬೇಕು. ಅಲ್ಲಿ ಶೇ 12 ಎಂದಿದ್ದರೆ ಲೆಕ್ಕ ಹಾಕಿ: 5,200ರಲ್ಲಿ ಶೇ 12 ಎಂದರೆ 624. ದೊಡ್ಡವರಲ್ಲಿ ಇದು ಸಾವಿರಕ್ಕಿಂತ ಕೆಳಗಿಳಿದರೆ ಕೊರತೆಯೇ. ಉರಿಯೂತವನ್ನು ತೋರಿಸುವ ರಕ್ತದ ಪ್ರೊಟೀನ್ ಸಿಆರ್‌ಪಿ ಎರಡೂ ಬಗೆಯ ಸೋಂಕಿನಲ್ಲಿ ಏರಬಹುದು. ರಕ್ತದಲ್ಲೇ ಅಳೆಯುವ ಇನ್ನೊಂದು ಸೂಚಕ ಪ್ರೊಕ್ಯಾಲ್ಸಿಟೋನಿನ್ ಮಾತ್ರ ವೈರಸ್ ಸೋಂಕಿನಲ್ಲಿ ಹೆಚ್ಚಾಗಿ ಕಡಿಮೆಯೇ ಇರುತ್ತದೆ. ವೈರಸ್ ವಿರುದ್ಧ ದೇಹ ಹೊರಡಿಸುವ ಇಂಟರ್‌ಫೆರಾನ್ ಪ್ರೊಕ್ಯಾಲ್ಸಿಟೋನಿನ್ ಏರುವುದನ್ನು ತಡೆಯುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಕಡೆ ತೆಳು ಮಬ್ಬು ಕಾಣಬಹುದು, ಮೊದಲ ದಿನಗಳಲ್ಲಿ ಏನೂ ಕಾಣದೆಯೂ ಇರಬಹುದು. ಇವುಗಳಲ್ಲಿ ಯಾವುದೊಂದೂ ಕೊನೆಯ ಮಾತಲ್ಲ. ವೈರಸ್ ಯಾವುದೆಂದು ಹೇಳುವುದು ಮೂಗು, ಗಂಟಲಿನ ದ್ರವದ ಆರ್‌ಟಿ–ಪಿಸಿಆರ್.

ವೈರಸ್‌ಗೆ ಆ್ಯಂಟಿಬಯೊಟಿಕ್ ತಾಗುವುದಿಲ್ಲ. ಆದರೆ ಫ್ಲೂ ಇಳಿದು ಎರಡು ದಿನ ಚೆನ್ನಾಗಿದ್ದವರಿಗೆ ಮತ್ತೆ ನಡುಕದ ಜ್ವರ, ಹಳದಿ ಕಫ ಬಂದರೆ ಬ್ಯಾಕ್ಟೀರಿಯಾ ಬೆನ್ನಟ್ಟಿ ಬಂದಿರುವ ಸಾಧ್ಯತೆ ಇದೆ. 1918ರ ಫ್ಲೂನಲ್ಲಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಈ ಎರಡನೆಯ ಹೊಡೆತವೇ. ಆಗ ಔಷಧ ತಡವಾಗಬಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಉಸಿರಿನ ಎಣಿಕೆ. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದವರಲ್ಲಿ 40, ಎರಡು ತಿಂಗಳಿನಿಂದ ವರ್ಷದೊಳಗಿನವರಲ್ಲಿ 50 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ನೇರ ಆಸ್ಪತ್ರೆಗೆ. ದೊಡ್ಡವರಲ್ಲಿ ದಮ್ಮು ಕಾಣುವ ಮುನ್ನವೇ ಆಮ್ಲಜನಕ ಇಳಿಯಬಹುದು. ಪಲ್ಸ್ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬೇಡಿ.

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ, ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹೊತ್ತವರ ಶ್ವಾಸಕೋಶ ಗುಣವಾಗುವಂಥದ್ದಲ್ಲ. ಅಂಥವರ ಆಕ್ಸಿಮೀಟರ್ ಅಂಕಿ ಜ್ವರವಿಲ್ಲದ ದಿನವೂ ಕಡಿಮೆ ಇರಬಹುದು. ಅದನ್ನು ಆರಾಮವಾಗಿರುವಾಗಲೇ ಅಳೆದು ಬರೆದಿಡಿ. ಕಾಯಿಲೆ ಬಿದ್ದಾಗ ಎಷ್ಟು ಇಳಿದಿದೆ ಎಂದು ವೈದ್ಯರು ಅಳೆಯುವುದು ಆ ಅಂಕಿಯಿಂದ.